ಏಣಿ, ಗೋಡೆ ಮತ್ತು ತ್ರಿಭುಜ

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲಿ ಕಲಿತವರೇ. ಪರೀಕ್ಷೆ ಮುಗಿದೊಡನೆ ಮರೆತವರೂ ಹೌದು. ಈ ನಿಯಮವು ನಮ್ಮ ಕೈಕಾಲುಗಳ ಕ್ಷೇಮಕ್ಕೂ ಸಂಬಂಧಿಸಿದ್ದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಒಂದು ಕಾಲಕ್ಕೆ ರೈತರ ಹೊಲಗಳಾಗಿದ್ದ ಮಗರಪಟ್ಟಾದಲ್ಲಿ ಇಂದು ಬಹುಮಹಡಿ ಮನೆಗಳಿವೆ. ಹಬ್ಬ ಬಂದಿತೆಂದರೆ ಜೇಡರಬಲೆ ತೆಗೆಯಲು, ಆಕಾಶಬುಟ್ಟಿ ತೂಗುಹಾಕಲು ಏಣಿ ಬೇಕೇ ಬೇಕು. ಒರಗಿಸಿದ ಏಣಿ, ಗೋಡೆ, ನೆಲ ಇವು ಸೇರಿ ಒಂದು ತ್ರಿಭುಜವಾಗುತ್ತದೆ. ಗೋಡೆಗೂ ನೆಲಕ್ಕೂ ನಡುವಣ ಕೋನ 90 ಡಿಗ್ರಿ. ಏಣಿಯು ನೆಲದೊಡನೆ ಸುಮಾರು 75 ಡಿಗ್ರಿ ಕೋನದಲ್ಲಿರಬೇಕೆಂಬುದು ಸುರಕ್ಷತಾ ನಿಯಮ. ಹಾಗಾದರೆ ಮೇಲ್ತುದಿಯ ಕೋನವೆಷ್ಟು? 90ಕ್ಕೆ 75 ಕೂಡಿಸಿದರೆ 165. ಅದನ್ನು 180ರಿಂದ ಕಳೆದರೆ 15 ಡಿಗ್ರಿ.

ಏಣಿಯ ಬುಡದಲ್ಲಿ, ಹೊರಬದಿಯ ನೆಲದೊಡನೆ ಆಗುವುದು ಬಾಹ್ಯಕೋನ. ಅದು ದೂರದ ಎರಡು ಒಳಕೋನಗಳ ಮೊತ್ತಕ್ಕೆ ಸಮ: 90 ಮತ್ತು 15 ಸೇರಿ 105. ಸರಳರೇಖೆಯ ಮೇಲೆ 75 ಮತ್ತು 105 ಕೂಡಿದರೆ 180. ಬ್ಯಾಂಕಿನ ಜಮಾ ಖರ್ಚಿನಂತೆ ಲೆಕ್ಕ ತಾಳೆಯಾಯಿತು!

ಮಡಿಸುವ ಏಣಿಯ ಎರಡು ಬದಿಗಳು ಸಮನಾಗಿದ್ದರೆ ಅದು ಸಮದ್ವಿಬಾಹು ತ್ರಿಭುಜ. ಸಮ ಬಾಹುಗಳ ಎದುರಿನ ಕೋನಗಳೂ ಸಮ. ತುದಿಯ ಕೋನ 30 ಆದರೆ ಉಳಿದ 150ನ್ನು ಸಮಪಾಲು ಮಾಡಿರಿ: ಬುಡದಲ್ಲಿ ತಲಾ 75.

ಇವು ಸಣ್ಣ ನಿಯಮಗಳೆಂದು ಉಪೇಕ್ಷಿಸಲಾಗದು. 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆಯನ್ನಳೆದ ವಿಲಿಯಂ ಲ್ಯಾಂಬ್ಟನ್ ಅವರು ತ್ರಿಭುಜಗಳ ಸರಪಣಿಯನ್ನು ಬೆಂಗಳೂರಿನವರೆಗೆ ಹಬ್ಬಿಸಿ, 1804ರಲ್ಲಿ ಅಲ್ಲಿಯೂ ರೇಖೆಯೊಂದನ್ನಳೆದು ತಾಳೆ ನೋಡಿದರು. ಭಾರತದ ಭೂಪಟ ರೂಪುಗೊಂಡದ್ದು ಹೀಗೆ.

ಮನೆಯಲ್ಲಿ ಕೋನಮಾಪಕ ಹಿಡಿದು ಏಣಿ ಹತ್ತುವವರುಂಟೇ? ಅದಕ್ಕೊಂದು ಸುಲಭೋಪಾಯವಿದೆ. ಏಣಿ ಗೋಡೆಗೆ ತಾಗುವ ಎತ್ತರದ ಕಾಲುಭಾಗದಷ್ಟು ದೂರದಲ್ಲಿ ಬುಡವಿರಲಿ. 12 ಅಡಿ ಎತ್ತರಕ್ಕೆ 3 ಅಡಿ. ಆಗ ನೆಲದ ಕೋನ ಸುಮಾರು 76 ಡಿಗ್ರಿ. ಬುಡ ಅತಿ ದೂರವಿದ್ದರೆ ಜಾರುತ್ತದೆ. ಅತಿ ಸಮೀಪವಿದ್ದರೆ ಏಣಿ ಹಿಂದಕ್ಕೆ ವಾಲುತ್ತದೆ. ಇಳಿವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾದೀತು.

ಪುಣೆಯಲ್ಲಿ ನಮ್ಮ ಮಕ್ಕಳು ಈ ಪಾಠವನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಓದುತ್ತಾರೆ. ತಾಯ್ತಂದೆಯರು ಏಣಿಯ ಚಿತ್ರ ಬರೆದು, ತ್ರಿಭುಜ, ಲಂಬಕೋನ, ಬಾಹ್ಯಕೋನ ಎಂಬ ಕನ್ನಡ ಪದಗಳೊಡನೆ ಒಮ್ಮೆ ವಿವರಿಸಲಿ. ಗಣಿತದ ಭಯವೂ ಕಳೆದೀತು, ಭಾಷೆಯೂ ಉಳಿದೀತು.