ಪಿಕಪ್ ವಾಹನ: ಕಂಪನಿಯ ಮೇಲಿನ ನಂಬಿಕೆ ಮತ್ತು ಬಾಳಿಕೆಯ ಲೆಕ್ಕ

ಧಾರವಾಡ ತಾಲೂಕಿನ ಗರಗ ಗ್ರಾಮದ ಹೆಸರು ರಾಷ್ಟ್ರಧ್ವಜದ ಖಾದಿ ಬಟ್ಟೆಯೊಡನೆ ಬೆಸೆದುಕೊಂಡಿದೆ. ಧ್ವಜಕ್ಕೆ ಸಲ್ಲುವ ಬಟ್ಟೆಗೆ ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿದ ನಿಯಮಗಳಿವೆ. ನೂಲಿನ ಎಳೆಗಳ ಎಣಿಕೆ, ಬಟ್ಟೆಯ ತೂಕ, ಬಣ್ಣದ ಗಟ್ಟಿತನ ಇವೆಲ್ಲವೂ ಪರೀಕ್ಷೆಗೆ ಒಳಪಡುತ್ತವೆ. ನೇಕಾರರ ಹೆಸರು ಎಷ್ಟೇ ದೊಡ್ಡದಿದ್ದರೂ ಅಳತೆಗೆ ಹೊಂದದ ಬಟ್ಟೆ ಧ್ವಜವಾಗಲಾರದು. ಆದರೆ ಸರಕು ಸಾಗಿಸುವ ಪಿಕಪ್ ವಾಹನವನ್ನು ಕೊಳ್ಳುವಾಗ ಇಂತಹ ಊರಿನಲ್ಲಿಯೂ ಅಳತೆಗಿಂತ ಹೆಸರೇ ಮುಂದಾಗುವುದುಂಟು. ತಂದೆಯ ಕಾಲದಿಂದಲೂ ಅದೇ ಕಂಪನಿಯ ಗಾಡಿ ಎಂಬ ಒಂದು ಮಾತಿನಲ್ಲಿ ನಿರ್ಧಾರ ಮುಗಿದುಹೋಗುತ್ತದೆ. ಹಲವು ಲಕ್ಷ ರೂಪಾಯಿಗಳ ಸಾಲ, ವರ್ಷಗಟ್ಟಲೆಯ ಕಂತು, ಒಂದು ಕುಟುಂಬದ ದುಡಿಮೆ ಈ ನಿರ್ಧಾರದ ಮೇಲೆ ನಿಂತಿರುವುದರಿಂದ, ನಂಬಿಕೆಯ ಹಿಂದಿರುವ ಲೆಕ್ಕವನ್ನು ಬಿಡಿಸಿ ನೋಡುವುದು ವ್ಯಾಪಾರಸ್ಥರಿಗೂ ಸಾಗಣೆದಾರರಿಗೂ ಅವಶ್ಯವಾಗಿದೆ.

ಹೆಸರೇ ಪದವಾದ ಬಗೆ

ಕನ್ನಡಿಗರು ಸರಕು ವಾಹನಕ್ಕೆ ಸಾಮಾನ್ಯವಾಗಿ ಬಳಸುವ ‘ಟೆಂಪೋ’ ಎಂಬ ಪದವು ಮೂಲತಃ ಜರ್ಮನಿಯ ಹ್ಯಾಂಬರ್ಗ್ ನಗರದ ಕಂಪನಿಯೊಂದರ ವಾಹನದ ಹೆಸರು. 1958ರಲ್ಲಿ ಸ್ಥಾಪನೆಗೊಂಡ ಬಜಾಜ್ ಟೆಂಪೋ ಸಂಸ್ಥೆಯ ಮೂಲಕ ಅದು ಭಾರತದ ಮನೆಮಾತಾಯಿತು. ಅದೇ ಸಂಸ್ಥೆಯ ‘ಮೆಟಡಾರ್’ ಕೂಡ ಹೀಗೆಯೇ ಜನರ ನಾಲಿಗೆಯಲ್ಲಿ ನೆಲೆಸಿತು. 2005ರಲ್ಲಿ ಸಂಸ್ಥೆ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಮೆಟಡಾರ್ ತಯಾರಿಕೆಯೂ ನಿಂತುಹೋಯಿತು. ಪದಗಳು ಮಾತ್ರ ಉಳಿದವು. ಹೆಸರಿನ ಆಯುಷ್ಯ ವಾಹನದ ಆಯುಷ್ಯಕ್ಕಿಂತ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1988ರಲ್ಲಿ ಟೆಲ್ಕೋ ಸಂಸ್ಥೆ ‘ಟಾಟಾಮೊಬೈಲ್’ ಪಿಕಪ್ ವಾಹನವನ್ನು ಹೊರತಂದಿತು. 2000ದಲ್ಲಿ ಬಂದ ಮಹೀಂದ್ರಾ ಬೊಲೆರೊ ಹೆಸರು ಮುಂದೆ ಅದೇ ಸಂಸ್ಥೆಯ ಪಿಕಪ್ ವಾಹನಕ್ಕೂ ಅಂಟಿಕೊಂಡಿತು. 2005ರ ಮೇ ತಿಂಗಳಿನಲ್ಲಿ ಬಿಡುಗಡೆಯಾದ ಟಾಟಾ ಏಸ್, ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್ ಹಾಗೂ ಸುಮಾರು 750 ಕಿಲೋ ಹೊರುವ ಸಾಮರ್ಥ್ಯದೊಂದಿಗೆ, ಮೂರು ಚಕ್ರದ ವಾಹನದವರನ್ನು ನಾಲ್ಕು ಚಕ್ರಕ್ಕೆ ಸೆಳೆಯಿತು. 2011ರಲ್ಲಿ ಅಶೋಕ್ ಲೇಲ್ಯಾಂಡ್ ಸಂಸ್ಥೆಯು ಜಪಾನಿನ ನಿಸ್ಸಾನ್ ಜೊತೆಗೂಡಿ ‘ದೋಸ್ತ್’ ವಾಹನವನ್ನು ತಂದಿತು. 2016ರಲ್ಲಿ ಆ ಪಾಲುದಾರಿಕೆ ಮುಗಿಯಿತಾದರೂ ದೋಸ್ತ್ ಮುಂದುವರಿಯಿತು. ಹೆಸರು ಒಂದೇ ಇದ್ದರೂ ಅದರ ಹಿಂದಿನ ಎಂಜಿನ್, ಪಾಲುದಾರರು ಹಾಗೂ ಬಿಡಿಭಾಗಗಳ ಪೂರೈಕೆದಾರರು ಬದಲಾಗುತ್ತ ಹೋಗುತ್ತಾರೆ.

ನಿಷ್ಠೆಯ ಒಳಗೆ ಏನಿದೆ?

ಒಂದೇ ಕಂಪನಿಗೆ ಅಂಟಿಕೊಳ್ಳುವುದನ್ನು ಕುರುಡು ಅಭಿಮಾನವೆಂದು ತಳ್ಳಿಹಾಕುವಂತಿಲ್ಲ. ಅದರೊಳಗೆ ಕನಿಷ್ಠ ನಾಲ್ಕು ವ್ಯಾವಹಾರಿಕ ಕಾರಣಗಳು ಅಡಗಿವೆ. ಒಂದು, ಆ ಎಂಜಿನ್ನಿನ ಗುಣ ಬಲ್ಲ ಮಿಸ್ತ್ರಿ ಹತ್ತಿರದಲ್ಲಿರುವುದು. ಎರಡು, ಕ್ಲಚ್ ಪ್ಲೇಟು, ಪಾಟಾ, ಬೇರಿಂಗುಗಳಂತಹ ಬಿಡಿಭಾಗಗಳು ಧಾರವಾಡದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಅದೇ ದಿನ ದೊರೆಯುವುದು. ಮೂರು, ಹಳೆಯ ಗಾಡಿಗೆ ಗಿರಾಕಿ ಸಿಗುವುದು. ನಾಲ್ಕು, ಚಾಲಕನಿಗೆ ಆ ವಾಹನದ ಕೈಹಿಡಿತವಿರುವುದು. ಈ ನಾಲ್ಕನ್ನು ಕೂಡಿಸಿ ಜನ ‘ಕಂಪನಿ ಛಲೋ’ ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ವಾಸ್ತವದಲ್ಲಿ ಅವರ ನಿಷ್ಠೆ ಕಂಪನಿಗಿಂತ ಹೆಚ್ಚಾಗಿ ಮಿಸ್ತ್ರಿಗೆ, ಬಿಡಿಭಾಗದ ಅಂಗಡಿಗೆ ಮತ್ತು ಮರುಮಾರಾಟದ ಪೇಟೆಗೆ ಸಲ್ಲುತ್ತದೆ. ಈ ನಾಲ್ಕರಲ್ಲಿ ಯಾವುದೊಂದು ಬದಲಾದರೂ ಹಳೆಯ ತೀರ್ಮಾನವನ್ನು ಮರುಪರಿಶೀಲಿಸಬೇಕಾಗುತ್ತದೆ.

ನಿಷ್ಠೆಗೆ ಬೇರೆ ಕಾರಣಗಳೂ ಇರಬಹುದು ಎಂಬುದನ್ನು ಅಮೆರಿಕದ ಉದಾಹರಣೆ ತೋರಿಸುತ್ತದೆ. ಪಿಕಪ್ ವಾಹನದ ಕಂಪನಿಯನ್ನು ತಲೆಮಾರುಗಳ ಕಾಲ ಬದಲಿಸದ ಕುಟುಂಬಗಳಿಗೆ ಆ ದೇಶ ಹೆಸರುವಾಸಿ. ಆದರೆ 1964ರಿಂದ ಅಲ್ಲಿ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಶೇ. 25ರ ಆಮದು ಸುಂಕವಿದ್ದುದನ್ನು ಮರೆಯಲಾಗದು. ಆಯ್ಕೆಯೇ ಕಡಿಮೆ ಇದ್ದಲ್ಲಿ ನಿಷ್ಠೆ ತಾನಾಗಿಯೇ ಹೆಚ್ಚುತ್ತದೆ. ಆದ್ದರಿಂದ ಬಹಳ ಜನ ಕೊಳ್ಳುತ್ತಾರೆಂಬ ಮಾತು ಬಾಳಿಕೆಗೆ ಪೂರ್ಣ ಸಾಕ್ಷಿಯಾಗದು.

ಬಾಳಿಕೆಯ ಮೂರು ಹಂತಗಳು

ಯಂತ್ರಶಾಸ್ತ್ರದಲ್ಲಿ ಯಂತ್ರಗಳ ಕೆಡುವಿಕೆಯನ್ನು ಸ್ನಾನದ ತೊಟ್ಟಿಯ ಆಕಾರದ ರೇಖೆಯಿಂದ ತೋರಿಸುವುದು ವಾಡಿಕೆ. ಆರಂಭದಲ್ಲಿ ತಯಾರಿಕೆಯ ದೋಷಗಳಿಂದ ಕೆಡುವಿಕೆ ಹೆಚ್ಚು. ಇವು ಬಹುಮಟ್ಟಿಗೆ ವಾರಂಟಿಯ ಅವಧಿಯಲ್ಲಿಯೇ ಬೆಳಕಿಗೆ ಬರುತ್ತವೆ. ನಡುವೆ ದೀರ್ಘವಾದ ಸಮತಟ್ಟು ಕಾಲ. ಆಗ ಕೆಡುವಿಕೆ ಅಪರೂಪ. ಕೊನೆಯಲ್ಲಿ ಸವಕಳಿಯ ಕಾಲ. ಒಂದು ಭಾಗ ರಿಪೇರಿಯಾಗುವಷ್ಟರಲ್ಲಿ ಇನ್ನೊಂದು ಕೈಕೊಡುತ್ತದೆ. ಉತ್ತಮ ವಾಹನವೆಂದರೆ ಎಂದೂ ಕೆಡದ ವಾಹನವಲ್ಲ. ನಡುವಿನ ಸಮತಟ್ಟು ಕಾಲ ಉದ್ದವಾಗಿರುವ ವಾಹನ. ಎರಡು ವರ್ಷ ಚೆನ್ನಾಗಿ ಓಡಿದ ಗಾಡಿಯನ್ನು ಹೊಗಳುವುದಾಗಲಿ, ಮೊದಲ ತಿಂಗಳು ನಿಂತ ಗಾಡಿಯನ್ನು ಹಳಿಯುವುದಾಗಲಿ ಅವಸರದ ತೀರ್ಪೇ ಸರಿ.

ಇದಲ್ಲದೆ ಎಷ್ಟು ಸಲ ಕೆಟ್ಟಿತು ಎಂಬುದರಷ್ಟೇ ಎಷ್ಟು ದಿನ ನಿಂತಿತು ಎಂಬುದೂ ಮುಖ್ಯ. ವರ್ಷಕ್ಕೆ ನಾಲ್ಕು ಸಲ ಕೆಟ್ಟು ಅಂದೇ ಸರಿಹೋಗುವ ಗಾಡಿಗಿಂತ, ಒಮ್ಮೆ ಕೆಟ್ಟು ಬಿಡಿಭಾಗಕ್ಕಾಗಿ ಹದಿನೈದು ದಿನ ಕಾಯಿಸುವ ಗಾಡಿ ಹೆಚ್ಚು ನಷ್ಟ ತರಬಲ್ಲದು. ಆ ದಿನಗಳು ಸುಗ್ಗಿಯಲ್ಲಿ ಬಂದರೆ ನಷ್ಟ ಇಮ್ಮಡಿಯಾಗುತ್ತದೆ. ಬೆಳಗಿನ ಸವಾಲಿಗೆ ತಲುಪದ ತರಕಾರಿಗೆ ಮಧ್ಯಾಹ್ನ ಅದೇ ದರ ಸಿಗುವುದಿಲ್ಲ. ಕಾದು ಬೇಸತ್ತ ಅಡತಿ ವ್ಯಾಪಾರಸ್ಥರು ಮರುದಿನ ಬೇರೆ ಗಾಡಿಯವನನ್ನು ಕರೆಯುತ್ತಾರೆ.

ಒಂದು ಮಾದರಿ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಎರಡು ಕಾಲ್ಪನಿಕ ವಾಹನಗಳನ್ನು ಹೋಲಿಸಬಹುದು. ಎರಡೂ ವರ್ಷಕ್ಕೆ 30,000 ಕಿ.ಮೀ.ಯಂತೆ 7 ವರ್ಷಗಳಲ್ಲಿ 2,10,000 ಕಿ.ಮೀ. ಓಡುತ್ತವೆ; ಡೀಸೆಲ್ ದರ ಲೀಟರಿಗೆ 90 ರೂ.; ಗಾಡಿ ನಿಂತ ದಿನದ ನಷ್ಟ 1,500 ರೂ. ಎಂದಿಟ್ಟುಕೊಳ್ಳೋಣ.

‘ಅ’ ವಾಹನದ ಬೆಲೆ 8 ಲಕ್ಷ ರೂ.; 7 ವರ್ಷಗಳ ನಂತರ 3 ಲಕ್ಷಕ್ಕೆ ಮಾರಾಟವಾಗುತ್ತದೆ. ಲೀಟರಿಗೆ 15 ಕಿ.ಮೀ. ಓಡುತ್ತದೆ. ವರ್ಷಕ್ಕೆ 12 ದಿನ ನಿಲ್ಲುತ್ತದೆ. ಕಿ.ಮೀ. ಒಂದಕ್ಕೆ ಬೆಲೆಯ ಇಳಿತ 2.38, ಇಂಧನ 6.00, ರಿಪೇರಿ ಮತ್ತು ಟಯರು 1.80, ನಿಂತ ದಿನಗಳ ನಷ್ಟ 0.60, ಒಟ್ಟು 10.78 ರೂ.

‘ಬ’ ವಾಹನದ ಬೆಲೆ 9 ಲಕ್ಷ ರೂ.; ಕೊನೆಯಲ್ಲಿ 4.5 ಲಕ್ಷಕ್ಕೆ ಮಾರಾಟವಾಗುತ್ತದೆ. ಲೀಟರಿಗೆ 14 ಕಿ.ಮೀ. ಮಾತ್ರ. ವರ್ಷಕ್ಕೆ 5 ದಿನ ನಿಲ್ಲುತ್ತದೆ. ಬೆಲೆಯ ಇಳಿತ 2.14, ಇಂಧನ 6.43, ರಿಪೇರಿ ಮತ್ತು ಟಯರು 1.50, ನಿಂತ ದಿನಗಳ ನಷ್ಟ 0.25, ಒಟ್ಟು 10.32 ರೂ.

ದುಬಾರಿ ಬೆಲೆಯ, ಕಡಿಮೆ ಮೈಲೇಜಿನ ‘ಬ’ ವಾಹನವೇ ಕಿ.ಮೀ.ಗೆ 46 ಪೈಸೆ ಅಗ್ಗವಾಯಿತು. 7 ವರ್ಷಗಳಲ್ಲಿ ಉಳಿತಾಯ 96,600 ರೂ. ಹೆಚ್ಚುವರಿ ಒಂದು ಲಕ್ಷವನ್ನು ಶೇ. 10ರ ಬಡ್ಡಿಯಲ್ಲಿ 4 ವರ್ಷಗಳ ಮಾಸಿಕ ಕಂತಿಗೆ ಪಡೆದರೆ ಬಡ್ಡಿ ಸುಮಾರು 22,000 ರೂ. ಅದನ್ನು ಕಳೆದರೂ 74,000 ರೂ.ಗೂ ಮಿಕ್ಕಿ ಉಳಿಯುತ್ತದೆ. ಆದರೆ ಅದೇ ‘ಬ’ ವಾಹನದ ಬಿಡಿಭಾಗಗಳು ಹತ್ತಿರದಲ್ಲಿ ಸಿಗದೆ ವರ್ಷಕ್ಕೆ 15 ದಿನ ನಿಲ್ಲುವಂತಾದರೆ ಅದರ ಖರ್ಚು 10.82 ರೂ.ಗೆ ಏರಿ ಇಡೀ ಲಾಭ ಕರಗಿಹೋಗುತ್ತದೆ. ವಾಹನ ಅದೇ, ಕಂಪನಿ ಅದೇ; ಊರಿನ ಸೇವಾ ವ್ಯವಸ್ಥೆ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ಹಳೆಯ ನಂಬಿಕೆ, ಹೊಸ ಎಂಜಿನ್

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಮಾನದಂಡ ಜಾರಿಗೆ ಬಂದಿತು. ಹಳೆಯ ಪಿಕಪ್ ವಾಹನಗಳ ಯಾಂತ್ರಿಕ ಡೀಸೆಲ್ ಪಂಪನ್ನು ಅನುಭವಿ ಮಿಸ್ತ್ರಿ ಕಿವಿಯಿಂದ ಆಲಿಸಿ, ಪಾನಾದಿಂದ ಸರಿಪಡಿಸುತ್ತಿದ್ದನು. ಹೊಸ ಎಂಜಿನ್ನುಗಳಲ್ಲಿ ಇಂಧನ ಸಿಂಪಡಿಕೆಯನ್ನು ಗಣಕ ಮತ್ತು ಸೆನ್ಸರುಗಳು ನಿಯಂತ್ರಿಸುತ್ತವೆ. ಹೊಗೆಯನ್ನು ಶುದ್ಧೀಕರಿಸುವ ಉಪಕರಣಗಳೂ ಸೇರಿಕೊಂಡಿವೆ. ದೋಷವನ್ನು ಗುರುತಿಸಲು ಸ್ಕ್ಯಾನರ್ ಬೇಕು. ಕಲಬೆರಕೆ ಡೀಸೆಲ್ ಹಾಗೂ ಕಟ್ಟಿಕೊಂಡ ಫಿಲ್ಟರನ್ನು ಇವು ಹಳೆಯ ಎಂಜಿನ್ನಿನಂತೆ ಸಹಿಸುವುದಿಲ್ಲ.

ಆದ್ದರಿಂದ 2008ರ ಗಾಡಿ ಹನ್ನೆರಡು ವರ್ಷ ಓಡಿತೆಂಬ ಕಾರಣಕ್ಕೆ ಅದೇ ಹೆಸರಿನ ಇಂದಿನ ಗಾಡಿಯೂ ಅಷ್ಟೇ ಓಡುತ್ತದೆ ಎನ್ನುವಂತಿಲ್ಲ. ಓಡುವುದಿಲ್ಲ ಎನ್ನುವಂತೆಯೂ ಇಲ್ಲ. ಹಳೆಯ ಅನುಭವವು ಹೊಸ ಯಂತ್ರಕ್ಕೆ ಸಾಕ್ಷಿಯಲ್ಲ ಎಂಬುದಷ್ಟೇ ಇಲ್ಲಿಯ ಪಾಠ. 2022ರಲ್ಲಿ ಅನಾವರಣಗೊಂಡ ಏಸ್ ಇವಿಯಂತಹ ವಿದ್ಯುತ್ ವಾಹನಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಎಂಜಿನ್ನಿನ ಬದಲು ಬ್ಯಾಟರಿಯ ಆಯುಷ್ಯವೇ ಬಾಳಿಕೆಯ ಅಳತೆಗೋಲು.

ಮಾಲೀಕರ ಪಾಲು

ಬಾಳಿಕೆಯ ಹೊಣೆಯನ್ನೆಲ್ಲ ಕಾರ್ಖಾನೆಯ ಮೇಲೆ ಹೊರಿಸುವುದು ನ್ಯಾಯವಲ್ಲ. 750 ಕಿಲೋ ಹೊರಲು ಸಿದ್ಧಪಡಿಸಿದ ವಾಹನದಲ್ಲಿ ಒಂದೂವರೆ ಟನ್ ಹೇರಿದರೆ ಪಾಟಾ, ಕ್ಲಚ್, ಬ್ರೇಕ್, ಟಯರುಗಳೆಲ್ಲ ಅವಧಿಗೆ ಮೊದಲೇ ಸವೆಯುತ್ತವೆ. ಎರೆಭೂಮಿಯ ಹೊಲದ ದಾರಿಗಳಲ್ಲಿ ಬೇಸಿಗೆಯ ಧೂಳು ಗಾಳಿ ಫಿಲ್ಟರನ್ನು ಕಟ್ಟಿಸುತ್ತದೆ. ಮಳೆಗಾಲದ ಕೆಸರು ಬೇರಿಂಗುಗಳನ್ನು ಕೆಡಿಸುತ್ತದೆ. ಅತಿಭಾರಕ್ಕೆ 20,000 ರೂ. ಹಾಗೂ ಹೆಚ್ಚುವರಿ ಟನ್ನಿಗೆ 2,000 ರೂ. ದಂಡವನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಗೊತ್ತುಪಡಿಸಿದೆ. ಒಂದೇ ಬಾಡಿಗೆಯಲ್ಲಿ ಎರಡು ಬಾಡಿಗೆಯ ಮಾಲು ಹೊತ್ತು ಗಳಿಸಿದ ಹಣ ಗ್ಯಾರೇಜಿಗೆ ಸಂದಾಯವಾಗುವುದು ಸಾಮಾನ್ಯ ಅನುಭವ.

ಮಾರುವ ಕಾಲದ ಬಗ್ಗೆಯೂ ಯೋಚನೆ ಬೇಕು. ಸಾರಿಗೆ ವಾಹನಕ್ಕೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕಾಗುತ್ತದೆ. ಸವಕಳಿಯ ಕಾಲವೂ ಬಹುಮಟ್ಟಿಗೆ ಇದೇ ವೇಳೆಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸ ಗಾಡಿಯ ಬೆಲೆ ಇಳಿದಾಗ ಹಳೆಯ ಗಾಡಿಯ ಬೆಲೆಯೂ ಕುಗ್ಗುವುದು ಸಹಜವಾದ್ದರಿಂದ, ಹಿಂದಿನ ಮರುಮಾರಾಟದ ಅಂದಾಜುಗಳನ್ನು ತಿದ್ದಿಕೊಳ್ಳುವುದು ಲೇಸು.

ಕಿರ್ದಿಯಲ್ಲಿ ಗಾಡಿಗೊಂದು ಪುಟ

ಅಂಗಡಿಯ ಪ್ರತಿ ರೂಪಾಯಿಗೂ ಕಿರ್ದಿ ಇಡುವ ವ್ಯಾಪಾರಸ್ಥರು ಗಾಡಿಗೂ ಒಂದು ಪುಟ ತೆಗೆದಿಡಬೇಕು. ಓಡಿದ ಕಿ.ಮೀ., ಹಾಕಿಸಿದ ಡೀಸೆಲ್, ಬದಲಿಸಿದ ಭಾಗ ಮತ್ತು ಅದರ ಬೆಲೆ, ಗಾಡಿ ನಿಂತ ದಿನಗಳು, ಹೇರಿದ ತೂಕ: ಈ ಐದು ಕಲಮುಗಳು ಸಾಕು. ಹೊಸ ಗಾಡಿ ಕೊಳ್ಳುವ ಮುನ್ನ, ಅದೇ ಮಾದರಿಯನ್ನು ಮೂರು ವರ್ಷಕ್ಕೂ ಮೇಲ್ಪಟ್ಟು ಓಡಿಸಿದವರನ್ನು, ಸ್ಕ್ಯಾನರ್ ಉಳ್ಳ ಮಿಸ್ತ್ರಿಯನ್ನು ಹಾಗೂ ಬಿಡಿಭಾಗದ ಅಂಗಡಿಯವರನ್ನು ವಿಚಾರಿಸಬೇಕು. ಇಷ್ಟಾದ ಮೇಲೆಯೂ ತಂದೆಯ ಕಾಲದ ಕಂಪನಿಯೇ ಮೇಲೆಂದು ಕಂಡುಬಂದರೆ ಅದನ್ನು ಸಂತೋಷದಿಂದ ಕೊಳ್ಳಬಹುದು. ಆಗ ಆ ನಿಷ್ಠೆಗೆ ಕಿರ್ದಿಯ ಆಧಾರವಿರುತ್ತದೆ. ಬಟ್ಟೆಯನ್ನು ಎಳೆ ಎಣಿಸಿ ಒಪ್ಪಿಕೊಳ್ಳುವ ನಾಡಿನಲ್ಲಿ ಗಾಡಿಯನ್ನೂ ಲೆಕ್ಕ ನೋಡಿ ನಂಬುವುದು ಕಷ್ಟದ ಮಾತಲ್ಲ.