ಕೆರೆಯ ಹಕ್ಕಿ ಎಣಿಸಿದರೆ ಕೆರೆಗೇನು ಬಂತು?

ಪ್ರಶ್ನೆ: ನಂಜನಗೂಡು, ತಿ. ನರಸೀಪುರ ಕಡೆಯ ಕೆರೆಗಳಿಗೆ ಚಳಿಗಾಲದಲ್ಲಿ ದುರ್ಬೀನು ಹಿಡಿದವರು ಬಂದು ಹಕ್ಕಿ ಎಣಿಸಿ ಹೋಗುತ್ತಾರೆ. ಅದು ವಿಜ್ಞಾನವೋ, ಹವ್ಯಾಸವೋ? ಕೆರೆಯ ಉಸ್ತುವಾರಿಗೆ ಅದು ಒದಗೀತೆ? ಊರವರಾದ ನಮಗೆ ಅದರಲ್ಲೇನು ಕೆಲಸ?

ಉತ್ತರ: ಎರಡೂ ಹೌದು. ಜನವರಿಯಲ್ಲಿ ಬರುವವರು ಬಹುಮಟ್ಟಿಗೆ ಏಷ್ಯಾದ ನೀರುಹಕ್ಕಿ ಗಣತಿಯವರು. 1987ರಲ್ಲಿ ಶುರುವಾದ ಈ ಗಣತಿ ನಡೆದು ಬಂದಿರುವುದೇ ಸಂಬಳ ಕೇಳದ ಹವ್ಯಾಸಿಗಳಿಂದ. ನಮ್ಮ ಸೀಮೆಯಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಬಳಗ ಕೆರೆ ಕೆರೆ ಸುತ್ತಿ ಲೆಕ್ಕ ಇಟ್ಟಿದೆ.

ಹದಿನಾರು, ಕಗ್ಗಲೀಪುರ ಎಂಬ ಊರುಗಳ ಕೆರೆಗಳ ಮೇಲೆ ಅವರಿಗೆಲ್ಲ ಒಂದು ಕಣ್ಣು ಹೆಚ್ಚು. ಕಾರಣ, ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಅದು. ಮಂಗೋಲಿಯಾದ ವಿಜ್ಞಾನಿಗಳು ಕೆಲವು ಹೆಬ್ಬಾತುಗಳ ಕತ್ತಿಗೆ ಅಕ್ಷರ, ಅಂಕಿ ಬರೆದ ಪಟ್ಟಿ ತೊಡಿಸಿ ಬಿಡುತ್ತಾರೆ. ಅಂಥವು ಮೈಸೂರು ಸೀಮೆಯ ಕೆರೆಗಳಲ್ಲೂ ಕಂಡಿವೆ. ಏರಿಯ ಮೇಲೆ ನಿಂತು ಆ ಪಟ್ಟಿಯನ್ನು ಓದಿ ತಿಳಿಸುವವರಿಲ್ಲದಿದ್ದರೆ ತೊಡಿಸಿದವರ ಶ್ರಮವೆಲ್ಲ ನೀರಿಗೆ ಹೋದಂತೆ.

ಇಂಥ ಬಿಡಿ ಲೆಕ್ಕಗಳು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನೋಡಿ. 30,000ಕ್ಕೂ ಹೆಚ್ಚು ಹವ್ಯಾಸಿಗಳು ಕೊಟ್ಟ 3 ಕೋಟಿಯಷ್ಟು ದಾಖಲೆಗಳಿಂದ 942 ಜಾತಿಗಳ ಸ್ಥಿತಿಗತಿ ಅಳೆದರು. ಬೇಟೆಹಕ್ಕಿ, ವಲಸೆ ಬರುವ ದಡಹಕ್ಕಿ, ಬಾತುಗಳು ಹೆಚ್ಚು ಇಳಿಮುಖವಾಗಿವೆ ಎಂದು ಗೊತ್ತಾದದ್ದು ಹಾಗೆ. ಯಾವ ಇಲಾಖೆಯೂ ಅಷ್ಟು ಜನರನ್ನು ಕೆಲಸಕ್ಕಿಟ್ಟುಕೊಳ್ಳಲಾರದು.

ಇನ್ನು ಕೆರೆಯ ಮಾತು. ಇಲ್ಲಿ ನನಗೊಂದು ತಕರಾರಿದೆ. ಎಣಿಸುವವರು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬರುತ್ತಾರೆ. ಈ ಸಲ ಹೆಬ್ಬಾತು ಅರ್ಧಕ್ಕಿಳಿದಿದೆ ಎನ್ನಿ. ಹಕ್ಕಿಯೇ ಕಡಿಮೆಯಾಯಿತೆ, ಕೆರೆ ತುಂಬಿ ದಡ ಮುಳುಗಿದ್ದಕ್ಕೆ ಪಕ್ಕದ ಕೆರೆಗೆ ಹೋದವೆ, ಮೀನಿನ ಬಲೆ, ತೆಪ್ಪಗಳ ಗದ್ದಲಕ್ಕೆ ಎದ್ದವೆ? ಒಂದು ದಿನದ ಎಣಿಕೆ ಇದನ್ನು ಹೇಳದು. ಹೇಳಬಲ್ಲವರು ಊರವರು. ತೂಬು ಯಾವಾಗ ಎತ್ತಿದರು ಎಂಬುದು ನೀರುಗಂಟಿಗೆ ಗೊತ್ತು, ರಾತ್ರಿ ಯಾರ ಗದ್ದೆಯಲ್ಲಿ ಹೆಬ್ಬಾತು ಮೇಯ್ದವು ಎಂಬುದು ಗದ್ದೆಯವನಿಗೆ ಗೊತ್ತು. ಅದು ಯಾವ ಪಟ್ಟಿಗೂ ಸೇರುತ್ತಿಲ್ಲ.

ಹಾಗಾಗಿ ನಿಮ್ಮ ಕೆಲಸ ಹಕ್ಕಿಯ ಹೆಸರು ಕಲಿಯುವುದರಿಂದಲೇ ಶುರುವಾಗಬೇಕೆಂದಿಲ್ಲ. ತೂಬಿನ ಕಲ್ಲಿಗೆ ಅಡಿ, ಅಂಗುಲದ ಗುರುತು ಹಾಕಿಸಿ, ವಾರಕ್ಕೊಮ್ಮೆ ನೀರಿನ ಮಟ್ಟ ಬರೆದಿಡಿ. ಮೀನು ಹಿಡಿದ ದಿನ, ಹೂಳೆತ್ತಿದ ತಿಂಗಳು, ಜೊಂಡು ಎಲ್ಲಿಯವರೆಗೆ ಹಬ್ಬಿತು, ಇವೂ ಇರಲಿ. ಜಾಗ, ಹೊತ್ತು ಬದಲಿಸಬೇಡಿ. ಹಕ್ಕಿ ಎಣಿಸತೊಡಗಿದ ಮೇಲೆ, ಅವು ಕಾಣದ ದಿನವೂ ತಾರೀಖು ಹಾಕಿ ಸೊನ್ನೆ ಬರೆಯಿರಿ. ಶಾಲೆಯ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿದರೆ ಅವರು ಬಿಟ್ಟುಬಿಡುವುದು ಇದನ್ನೇ. ಹೀಗೆ ನಾಲ್ಕೈದು ವರ್ಷದ ಪುಸ್ತಕ ಕೈಯಲ್ಲಿದ್ದರೆ, ಹೂಳೆತ್ತುವ ಕೆಲಸವನ್ನು ಹೆಬ್ಬಾತು ಹೊರಟ ಮೇಲೆ, ಬೇಸಿಗೆಗೆ ಇಟ್ಟುಕೊಳ್ಳಿ ಎಂದು ಕೇಳಲು ಆಧಾರ ಸಿಗುತ್ತದೆ. ಮೀನು ಗುತ್ತಿಗೆಗೆ ಷರತ್ತು ಹಾಕಿಸಲೂ ಅಷ್ಟೆ.

ಕೇಳುವುದು ಯಾರನ್ನು? ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಯದು, ಮೀರಿದರೆ ಸಣ್ಣ ನೀರಾವರಿ ಇಲಾಖೆಯದು. ಇನ್ನೊಂದು ದಾರಿಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರಿಂದಲೇ ಕೇಳಿ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಬೆಳೆಸಿದ ಕಲ್ಪನೆ ಇದು. ನಿಮ್ಮೂರ ದಾಖಲಾತಿ ತೋರಿಸಿ ಎಂದು ಪಂಚಾಯಿತಿಯಲ್ಲಿ ಕೇಳಿ. ಅದರಲ್ಲಿ ನಂಜನಗೂಡು ರಸಬಾಳೆಯ ಜೊತೆಗೆ ಕೆರೆಯ ಪುಟವೂ ಇದೆಯೇ ನೋಡಿ, ಇಲ್ಲದಿದ್ದರೆ ನಿಮ್ಮ ಪುಸ್ತಕದ ನಕಲನ್ನು ಅರ್ಜಿಯೊಂದಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.