ಎಐ ತರಗತಿಗೆ ಹೊರಟ ಮೊಮ್ಮಗಳಿಗೆ

ಕೂಸೇ, ಸೋಮವಾರದಿಂದ ನಂಜನಗೂಡಿನಲ್ಲಿ ರೈಲು ಹತ್ತಿ ಎಐ ಕಲಿಯಲು ಮೈಸೂರಿಗೆ ಹೋಗುತ್ತೀಯೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ನಿವೃತ್ತಿಯ ಮೇಲೆ ಐಐಟಿ ಮದ್ರಾಸಿನ ದೀಪಕ್ ಖೇಮಾನಿಯವರ ಪಾಠಗಳನ್ನು ಎನ್‌ಪಿಟಿಇಎಲ್‌ ಆನ್‌ಲೈನ್ ತರಗತಿಯಲ್ಲಿ ಕೇಳಿದೆ. ಆ ಧೈರ್ಯದ ಮೇಲೆ ನಾಲ್ಕು ಮಾತು.

• ಮೊದಲ ವಾರಗಳಲ್ಲಿ ಮಾತಾಡುವ ಯಂತ್ರ ಸಿಗದೆ ಬರೀ ದಾರಿ ಹುಡುಕುವ ಲೆಕ್ಕ ಬಂದರೆ ಬೇಸರಪಡಬೇಡ. 1968ರಲ್ಲಿ ಹಾರ್ಟ್, ನಿಲ್ಸನ್, ರಾಫೆಲ್ ಪ್ರಕಟಿಸಿದ ‘ಎ ಸ್ಟಾರ್’ ವಿಧಾನವನ್ನು ನಮ್ಮ ಸೀಮೆಯ ನಕ್ಷೆಯ ಮೇಲೇ ಮಾಡು. ತಿ. ನರಸೀಪುರ ಇನ್ನೆಷ್ಟು ದೂರ ಎಂಬ ಅಂದಾಜಿಗೆ ನೇರ ಗೆರೆ ಎಳೆ. ಆ ಗೆರೆಗೆ ಕಪಿಲೆ ದಾಟಲು ಸೇತುವೆ ಬೇಕಿಲ್ಲ, ಹಾಗಾಗಿ ಅದು ರಸ್ತೆಯ ದೂರವನ್ನು ಎಂದೂ ಮೀರದು. ಅಂದಾಜು ಮೀರದಿರುವುದರಿಂದಲೇ ಸಿಕ್ಕ ದಾರಿ ಅತಿ ಹತ್ತಿರದ್ದೆಂಬ ಖಾತ್ರಿ.

• ಆಟದ ನಡೆ ಎಣಿಸುವ ಮಿನಿಮ್ಯಾಕ್ಸ್ ಬಂದಾಗ ಆಡು-ಹುಲಿ ಆಟ ನೆನೆ. ಮೂರು ಹುಲಿ, ಹದಿನೈದು ಆಡು. ಎದುರಿನವರು ತಮಗೆ ಒಳ್ಳೆಯದನ್ನೇ ನಡೆಸುತ್ತಾರೆಂದು ಎಣಿಸಿ ಹೆಜ್ಜೆ ಇಡಬೇಕು. ಚೌಕಾಬಾರದಲ್ಲಿ ಕವಡೆ ಇದೆ, ಅಲ್ಲಿ ಸಂಭವನೀಯತೆಯೂ ಸೇರುತ್ತದೆ. ಪಿಯುಸಿಯ ಆ ಅಧ್ಯಾಯವನ್ನು ಈಗಲೇ ತಿರುವಿಹಾಕು.

• ಪ್ರಾಜೆಕ್ಟಿಗೆ ರಸಬಾಳೆಯ ಸೊರಗು ರೋಗ ತೆಗೆದುಕೊ ಎಂಬುದು ನನ್ನಾಸೆ. ಮಣ್ಣಿನ ಶಿಲೀಂಧ್ರದಿಂದ ಬರುವ ಈ ಪನಾಮಾ ರೋಗ ನಮ್ಮ ಎಷ್ಟೋ ತೋಟಗಳನ್ನು ಬರಿದು ಮಾಡಿತು. ಎಲೆಯ ಫೋಟೊ ನೋಡಿ ರೋಗ ಗುರುತಿಸಲು ಯಂತ್ರಕ್ಕೆ ಕಲಿಸುವಾಗ ಒಂದೇ ತೋಟದ ಫೋಟೊಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಬೇಡ. ಯಂತ್ರ ರೋಗ ಕಲಿಯದೆ ಆ ತೋಟದ ಬೆಳಕನ್ನೂ ಮಣ್ಣನ್ನೂ ಕಲಿತು ನಿನ್ನನ್ನು ನಂಬಿಸಿಬಿಡುತ್ತದೆ. ಒಂದು ತೋಟವನ್ನು ಪೂರ್ತಿ ಮುಟ್ಟದೆ ಪರೀಕ್ಷೆಗೆಂದೇ ಎತ್ತಿಡು. ಇನ್ನೊಂದು: 100 ಗಿಡದಲ್ಲಿ 5ಕ್ಕೆ ರೋಗ ಎಂದುಕೊ. ಎಲ್ಲವೂ ಚೆನ್ನಾಗಿವೆ ಎನ್ನುವ ಯಂತ್ರಕ್ಕೂ 95 ಅಂಕ! ಆ ಐದರಲ್ಲಿ ಎಷ್ಟನ್ನು ಹಿಡಿಯಿತು ಎಂದು ಕೇಳು. ರೈತನಿಗೆ ಬೇಕಾದದ್ದು ಅದೇ.

• ಪಾಠ ಇಂಗ್ಲಿಷಿನಲ್ಲಿ. ಪುಟದ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊ, ನಾಚಬೇಡ.

• ಅಸೈನ್‌ಮೆಂಟನ್ನು ಚಾಟ್‌ಬಾಟಿನಿಂದ ಬರೆಸಬೇಡ. ನೀನು ಬರೆದ ಮೇಲೆ ತಪ್ಪು ತೋರಿಸೆಂದು ಕೇಳು.

• ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಹಳ್ಳಿಯವರಿಗೆ ದುಡ್ಡು ಕೊಟ್ಟು ಅವರ ಕನ್ನಡವನ್ನು ಯಂತ್ರಗಳಿಗಾಗಿ ದಾಖಲಿಸಿದೆ. ಆದರೂ ನಮ್ಮ ಕಡೆಯ ‘ಅಂದ್ಬುಟ್ಟ’, ‘ಕನವ್ವ’ ನನ್ನ ಫೋನಿಗೆ ಇನ್ನೂ ಅರ್ಥವಾಗುತ್ತಿಲ್ಲ. ಯಾರ ಮಾತು ಕೊಟ್ಟು ಕಲಿಸಿದ್ದಾರೆ ಎಂದು ತರಗತಿಯಲ್ಲಿ ಎದ್ದುನಿಂತು ಕೇಳು.

• ಭಾನುವಾರ ಬರುವಾಗ ಆಡು-ಹುಲಿಯ ಕೊನೆಯ ನಾಲ್ಕು ನಡೆಗಳು ಹೇಗೆಲ್ಲ ಕವಲೊಡೆಯುತ್ತವೆ ಎಂಬ ಮರ ಬರೆದು ತಾ. ಜಗಲಿಯಲ್ಲಿ ಮನೆ ಗೀಚಿ, ಕಲ್ಲು ಇಟ್ಟುಕೊಂಡು ಕಾದಿರುತ್ತೇನೆ.